ಹದಿನೈದು ವರ್ಷ, ಹತ್ತಾರು ಸಾಫ್ಟ್‌ವೇರ್: ಮಾರ್ಕೆಟಿಂಗ್ ತಂಡಗಳು ಲೆಕ್ಕ ನೋಡುವ ಹೊತ್ತು

2011ರಲ್ಲಿ ನ್ಯೂಯಾರ್ಕಿನ ಫಾಗ್ ಕ್ರೀಕ್ ಎಂಬ ಸಣ್ಣ ಕಂಪನಿ ಟ್ರೆಲ್ಲೊ ಎಂಬ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಪರದೆಯ ಮೇಲೆ ಮೂರು ಪಟ್ಟಿ: ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಕೆಲಸ ಮುಂದೆ ಹೋದಂತೆ ಕಾರ್ಡನ್ನು ಎಳೆದು ಪಕ್ಕದ ಪಟ್ಟಿಗೆ ಹಾಕಿದರೆ ಆಯಿತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಎಂದರೆ ಎಂಜಿನಿಯರುಗಳ ಸ್ವತ್ತು ಎಂಬ ತಿಳಿವಳಿಕೆ ಅಲ್ಲಿಂದ ಸಡಿಲವಾಗುತ್ತ ಬಂತು. ಬ್ರೋಷರು, ಬ್ಯಾನರು, ಸ್ಟಾಲು, ಇಮೇಲು, ವಿಡಿಯೊಗಳ ಬೆನ್ನು ಹತ್ತಿ ಓಡಾಡುವ ಮಾರ್ಕೆಟಿಂಗ್ ತಂಡಗಳೂ ಇಂಥದ್ದೊಂದನ್ನು ಇಟ್ಟುಕೊಳ್ಳಬಹುದು ಎಂದು ಬೆಂಗಳೂರಿನ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡಿನ ಕಂಪನಿಗಳಿಗೂ ಅನ್ನಿಸಿತು.

ಅದಾಗಿ ಒಂದೂವರೆ ದಶಕವಾಗುತ್ತ ಬಂತು. ಈ ಅವಧಿಯಲ್ಲಿ ಎಷ್ಟೋ ತಂಡಗಳು ಒಂದರ ಮೇಲೊಂದು ಸಾಫ್ಟ್‌ವೇರ್ ಕೊಂಡಿವೆ, ಬಿಟ್ಟಿವೆ, ಮತ್ತೆ ಕೊಂಡಿವೆ. ಡೆಮೊ ನೋಡಿದ್ದಾಗಿದೆ, ಟ್ರೇನಿಂಗ್ ಕೊಡಿಸಿದ್ದಾಗಿದೆ, ಮೊದಲ ಎರಡು ತಿಂಗಳು ಉತ್ಸಾಹದಿಂದ ಕಾರ್ಡು ತುಂಬಿದ್ದೂ ಆಗಿದೆ. ಆಮೇಲೆ ಕೆಲಸ ಮೆಲ್ಲಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಮರಳಿದೆ, ಚಂದಾ ಹಣ ಮಾತ್ರ ವರ್ಷವರ್ಷವೂ ಹೋಗುತ್ತಿದೆ. ಸೋತದ್ದು ಸಾಫ್ಟ್‌ವೇರೋ, ಕೊಂಡ ರೀತಿಯೋ ಎಂದು ನಿಂತು ನೋಡಿದವರು ಕಡಿಮೆ. ಹಣದ ಜೊತೆಗೆ ತಂಡದ ಕಿರಿಯರ ಸಂಜೆಗಳೂ ಇದರಲ್ಲಿ ಕಳೆದುಹೋಗುತ್ತಿರುವುದರಿಂದ ಈ ಲೆಕ್ಕವನ್ನು ನಿಷ್ಠುರವಾಗಿ ನೋಡಬೇಕಾಗಿದೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಇಷ್ಟು ವರ್ಷ ಎಲ್ಲರೂ ಕೇಳಿದ್ದು ‘ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಎಂದು. ಅದಕ್ಕೂ ಮುಂಚೆ ಕೇಳಬೇಕಿದ್ದದ್ದು ‘ನಮ್ಮಲ್ಲಿ ಯಾವ ಕೆಲಸಕ್ಕೆ ಯಾರು ಓಕೆ ಹೇಳುತ್ತಾರೆ?’ ಎಂದು. ಎರಡನೆಯದಕ್ಕೆ ಉತ್ತರ ಬರೆದಿಟ್ಟುಕೊಂಡ ತಂಡಕ್ಕೆ ಸಾಧಾರಣ ಸಾಫ್ಟ್‌ವೇರೂ ನೆರವಾಗಿದೆ. ಉತ್ತರ ಇಲ್ಲದ ತಂಡಕ್ಕೆ ದುಬಾರಿಯದ್ದೂ ಒದಗಿಲ್ಲ.

ಮಾರುಕಟ್ಟೆ ಬೆಳೆದ ಬಗೆ

ಈ ಸಾಫ್ಟ್‌ವೇರುಗಳ ಮೂಲ ಕಾರ್ಖಾನೆಯಲ್ಲಿದೆ. ಕೆಲಸವನ್ನು ಕಾಲದ ಗೆರೆಯ ಮೇಲೆ ಪಟ್ಟಿಗಳಾಗಿ ಬರೆಯುವ ಗ್ಯಾಂಟ್ ಚಾರ್ಟನ್ನು 1910ರ ದಶಕದಲ್ಲಿ ಬಳಕೆಗೆ ತಂದ ಹೆನ್ರಿ ಗ್ಯಾಂಟ್ ಮೆಕ್ಯಾನಿಕಲ್ ಎಂಜಿನಿಯರ್. ಕಾರ್ಡು ನೋಡಿ ಮುಂದಿನ ಕೆಲಸ ಎತ್ತಿಕೊಳ್ಳುವ ಕಾನ್‌ಬಾನ್ ಪದ್ಧತಿ ಜಪಾನಿನ ಟೊಯೋಟಾ ಕಾರ್ಖಾನೆಯದು. ಅದೇ ಟೊಯೋಟಾ 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಕಂಪನಿ ಕಟ್ಟಿ ಬಿಡದಿಗೆ ಬಂತು. ಮೈಕ್ರೋಸಾಫ್ಟ್ ಪ್ರಾಜೆಕ್ಟ್ 1984ರಲ್ಲಿ ಬಂದಾಗಲೂ ಅದರ ಮನಸ್ಸಿನಲ್ಲಿದ್ದವರು ಕಟ್ಟಡ ಕಟ್ಟುವವರು, ಯಂತ್ರ ಕೂಡಿಸುವವರು.

ಸಾಫ್ಟ್‌ವೇರ್ ಬರೆಯುವವರು ಇದನ್ನೆಲ್ಲ ತಮಗೆ ಬೇಕಾದಂತೆ ತಿದ್ದಿಕೊಂಡರು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ, ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮುಗಿಸುತ್ತ ತಿದ್ದಿಕೊಳ್ಳುವ ಅಜೈಲ್ ಪದ್ಧತಿಯ ಪ್ರಣಾಳಿಕೆ ಬರೆದರು. ಮರುವರ್ಷ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ಜಿರಾ ಎಂಬ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. 2004ರಲ್ಲಿ ಬೇಸ್‌ಕ್ಯಾಂಪ್ ಬಂತು, 2006ರಲ್ಲಿ ಚೆನ್ನೈನ ಜೋಹೋ ಪ್ರಾಜೆಕ್ಟ್ಸ್ ಬಂತು. 2012ರಲ್ಲಿ ಮಾರ್ಕೆಟಿಂಗ್ ಮಂದಿಯೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿ ತಮ್ಮದೊಂದು ಅಜೈಲ್ ಪ್ರಣಾಳಿಕೆ ರಚಿಸಿದರು. ಅಷ್ಟರಲ್ಲಿ ಆಸನಾ ಬಂದಿತ್ತು. ಇಸ್ರೇಲಿನಲ್ಲಿ ದಾಪಲ್ಸ್ ಎಂದು ಶುರುವಾದ ಕಂಪನಿ 2017ರಲ್ಲಿ ಮಂಡೇ ಡಾಟ್ ಕಾಮ್ ಆಯಿತು. ಅದೇ ವರ್ಷ ಕ್ಲಿಕ್‌ಅಪ್ ಬಂತು, ಟ್ರೆಲ್ಲೊವನ್ನು ಅಟ್ಲಾಸಿಯನ್ 42.5 ಕೋಟಿ ಡಾಲರಿಗೆ ಕೊಂಡಿತು. ಆಯ್ಕೆ ಹೆಚ್ಚಿದಷ್ಟೂ ಆಯ್ಕೆ ಮಾಡುವ ಬುದ್ಧಿಯೂ ಬೆಳೆಯಬೇಕಿತ್ತು. ಅದು ಬೆಳೆಯಿತೇ ಎಂಬುದಕ್ಕೆ ಬೆಂಗಳೂರಿನ ಮೂರು ದಿಕ್ಕುಗಳು ಮೂರು ಉತ್ತರ ಕೊಡುತ್ತವೆ.

ಪೀಣ್ಯ: ಮಷೀನ್ ಶಾಪಿನಲ್ಲಿದ್ದ ಶಿಸ್ತು ಆಫೀಸಿಗೆ ಬರಲಿಲ್ಲ

ಪೀಣ್ಯದ ಯಾವುದೇ ಒಳ್ಳೆಯ ಮಷೀನ್ ಶಾಪಿಗೆ ಹೋಗಿ ನೋಡಿ, ಕೆಲಸದ ಹಾದಿ ಕಣ್ಣಿಗೆ ಕಾಣುತ್ತದೆ. ಬಿಡಿಭಾಗದ ಜೊತೆಗೇ ಜಾಬ್ ಕಾರ್ಡ್ ಸಾಗುತ್ತದೆ. ಟರ್ನಿಂಗ್ ಆಯಿತೇ, ಮಿಲ್ಲಿಂಗ್ ಆಯಿತೇ, ಗ್ರೈಂಡಿಂಗಿಗೆ ಹೋಯಿತೇ ಎಂಬುದೆಲ್ಲ ಅದರಲ್ಲಿ ದಾಖಲು. ಕೊನೆಗೆ ಇನ್‌ಸ್ಪೆಕ್ಷನ್‌ನವರ ಸಹಿ ಬೀಳದೆ ಸರಕು ಡಿಸ್ಪ್ಯಾಚ್ ಆಗುವುದಿಲ್ಲ. ಯಾರ ಸಹಿ, ಯಾವ ಅಳತೆಗೆ ಸಹಿ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅದೇ ಕಾಂಪೌಂಡಿನ ಮೇಲಿನ ಮಹಡಿಯಲ್ಲಿ ಕೂತು ಕೆಟಲಾಗ್ ಮಾಡುವ ಇಬ್ಬರು ಮೂವರಿಗೆ ಮಾತ್ರ ಅಂಥ ಯಾವ ಕಾರ್ಡೂ ಇರಲಿಲ್ಲ.

ಪೀಣ್ಯದ ಯಂತ್ರೋಪಕರಣ ಕಂಪನಿಗಳ ಮಾರ್ಕೆಟಿಂಗ್ ಎಂದರೆ ಬಹುಪಾಲು ಇಮ್‌ಟೆಕ್ಸ್. ತುಮಕೂರು ರಸ್ತೆಯ ಮಾದಾವರದಲ್ಲಿರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಈ ಮೇಳಕ್ಕೆ ದೇಶದ ಯಂತ್ರೋಪಕರಣ ಉದ್ಯಮವೇ ಬಂದು ಸೇರುತ್ತದೆ. ಅದರ ತಯಾರಿ ತಿಂಗಳುಗಟ್ಟಲೆ ಎಳೆಯುವ ಕೆಲಸ. ಸ್ಟಾಲಿನ ಡ್ರಾಯಿಂಗ್, ಚಾಲೂ ಸ್ಥಿತಿಯಲ್ಲಿ ತೋರಿಸುವ ಮಷೀನುಗಳ ಪಟ್ಟಿ, ಅವನ್ನು ಸಾಗಿಸುವ ಲಾರಿ ಮತ್ತು ಕ್ರೇನು, ಕರೆಂಟ್ ಮತ್ತು ಕಂಪ್ರೆಸ್ಡ್ ಏರ್ ಬೇಡಿಕೆ, ಹೊಸ ಕೆಟಲಾಗ್, ಡೀಲರುಗಳಿಗೆ ಆಹ್ವಾನ, ಡೆಮೊ ಕೊಡುವವರ ಪಾಳಿ ಎಲ್ಲವೂ ಒಟ್ಟಿಗೆ ಸಾಗಬೇಕು. ಕೆಟಲಾಗಿನಲ್ಲಿ ಸ್ಪಿಂಡಲ್ ವೇಗ ಒಂದು ಸೊನ್ನೆ ತಪ್ಪಿದರೆ ಗಿರಾಕಿಯ ಮುಂದೆ ತಲೆ ತಗ್ಗಿಸಬೇಕು. ಹಾಗಾಗಿ ಡಿಸೈನ್ ಎಂಜಿನಿಯರ್ ನೋಡಬೇಕು, ಸೇಲ್ಸ್ ಮುಖ್ಯಸ್ಥರು ನೋಡಬೇಕು, ಕೊನೆಗೆ ಮಾಲೀಕರು ನೋಡಬೇಕು. ಮೂರು ಕಣ್ಣು ಹಾಯಬೇಕಾದ ಈ ಕಾಗದ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತಿತ್ತು. ಮಾಲೀಕರ ‘ಓಕೆ’ ಬರುವಷ್ಟರಲ್ಲಿ ಅದೇ ಗ್ರೂಪಿಗೆ ಇನ್ನೆರಡು ಪಿಡಿಎಫ್ ಬಿದ್ದಿರುತ್ತಿದ್ದವು. ಓಕೆ ಯಾವುದಕ್ಕೆ ಎಂದು ಕೇಳುವ ಧೈರ್ಯ ಹೊಸದಾಗಿ ಸೇರಿದ ಹುಡುಗನಿಗಾಗಲಿ ಹುಡುಗಿಗಾಗಲಿ ಇರುತ್ತಿರಲಿಲ್ಲ.

ಪೀಣ್ಯದವರಿಗೆ ಸಾಫ್ಟ್‌ವೇರ್ ಒಗ್ಗುವುದಿಲ್ಲ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಬೆಂಗಳೂರಿನದೇ ಆದ ಟ್ಯಾಲಿ 1986ರಲ್ಲಿ ಶುರುವಾಗಿ ಇಲ್ಲಿಯ ಶೆಡ್ಡು ಶೆಡ್ಡಿಗೂ ಹೊಕ್ಕಿದೆ. ಅಕೌಂಟೆಂಟ್ ಅಷ್ಟು ಕಾಲ ಕೈಯಲ್ಲಿ ಬರೆಯುತ್ತಿದ್ದ ವೋಚರು, ಲೆಡ್ಜರುಗಳನ್ನೇ ಅದು ಪರದೆಗೆ ತಂದಿತು. ಯಾವುದನ್ನು ಯಾರು ಪಾಸು ಮಾಡಬೇಕು ಎಂಬುದು ಲೆಕ್ಕದ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕಾನೂನಿನ ಒತ್ತಡವೂ ಸೇರಿತು. ಮಾರ್ಕೆಟಿಂಗ್ ವಿಭಾಗದಲ್ಲಿ ಹಿಂದಿನಿಂದ ಬಂದ ವೋಚರೂ ಇಲ್ಲ, ಹಿಂದೆ ನಿಂತು ತಳ್ಳುವ ಕಾನೂನೂ ಇಲ್ಲ. ಆ ಶಿಸ್ತನ್ನು ತಂಡವೇ ತಂದುಕೊಳ್ಳಬೇಕು. ಒಂದೇ ಗೂಗಲ್ ಶೀಟಿನಲ್ಲಿ ಕೆಲಸ, ಗಡುವು, ಓಕೆ ಹೇಳುವವರ ಹೆಸರು, ಓಕೆ ಸಿಕ್ಕ ತಾರೀಖು ಎಂಬ ನಾಲ್ಕು ಕಾಲಂ ಇಟ್ಟುಕೊಂಡ ಸಣ್ಣ ತಂಡಕ್ಕೆ ಬೇರೆ ಯಾವ ಸಾಫ್ಟ್‌ವೇರಿನ ಅಗತ್ಯವೂ ಇಲ್ಲ ಎಂಬುದು ಪೀಣ್ಯದಿಂದ ನಾವು ಕಲಿಯುವ ಮೊದಲ ಪಾಠ.

ಎಲೆಕ್ಟ್ರಾನಿಕ್ ಸಿಟಿ: ಪಕ್ಕದ ವಿಭಾಗದಿಂದ ಬಂದ ಬಳುವಳಿ

ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಇಲ್ಲಿಯ ಕಂಪನಿಗಳಲ್ಲಿ ಸಮಸ್ಯೆ ಬೇರೆ ರೂಪದಲ್ಲಿತ್ತು. ಡೆವಲಪ್‌ಮೆಂಟ್ ತಂಡದವರ ಹತ್ತಿರ ಜಿರಾ ಮೊದಲೇ ಇತ್ತು. ಸರ್ವರ್ ಇತ್ತು, ನೋಡಿಕೊಳ್ಳುವ ಅಡ್ಮಿನ್ ಇದ್ದರು. ‘ಇನ್ನೊಂದು ಯಾಕೆ, ನೀವೂ ಇದನ್ನೇ ಬಳಸಿ’ ಎಂದು ಮಾರ್ಕೆಟಿಂಗ್‌ನವರಿಗೂ ಲಾಗಿನ್ ಕೊಟ್ಟ ಕಂಪನಿಗಳು ಹಲವು.

ಅದರಿಂದ ಒಂದು ದೊಡ್ಡ ಲಾಭವಾಯಿತು, ಅದನ್ನು ಒಪ್ಪಲೇಬೇಕು. ಹೊಸ ಉತ್ಪನ್ನದ ಬಿಡುಗಡೆ ದಿನ ಮುಂದಕ್ಕೆ ಹೋದರೆ ಮಾರ್ಕೆಟಿಂಗ್ ತಂಡಕ್ಕೆ ಅದು ಅಂದೇ ಕಾಣುತ್ತಿತ್ತು. ಪತ್ರಿಕಾ ಪ್ರಕಟಣೆ, ವೆಬಿನಾರ್, ಜಾಹೀರಾತು ಎಲ್ಲವನ್ನೂ ಹೊಂದಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಆದರೆ ದಿನನಿತ್ಯದ ಕೆಲಸಕ್ಕೆ ಅದರ ಅಚ್ಚು ಹೊಂದಲಿಲ್ಲ. ಪ್ರೋಗ್ರಾಮಿನ ದೋಷ ಸರಿಹೋಯಿತೋ ಇಲ್ಲವೋ ಎಂದು ಟೆಸ್ಟ್ ಮಾಡಿ ಹೇಳಬಹುದು. ಬ್ಯಾನರಿನ ಬಣ್ಣ ಸರಿಯಿದೆಯೇ, ಸಾಲು ಮನ ಮುಟ್ಟುತ್ತದೆಯೇ ಎಂಬುದು ನೋಡುವವರ ವಿವೇಚನೆ. ಎರಡು ವಾರದ ಕೆಲಸವನ್ನು ಮೊದಲೇ ನಿಗದಿಮಾಡುವ ‘ಸ್ಪ್ರಿಂಟ್’ ಹಾಕಿಕೊಂಡು ಕೂತ ತಂಡಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಬಂದು ‘ಸಂಜೆಯೊಳಗೆ ಬೇಕು’ ಎನ್ನುವ ಸೇಲ್ಸ್‌ನವರ ಬೇಡಿಕೆಯನ್ನು ಎಲ್ಲಿ ಸೇರಿಸುವುದು? ಟಿಕೆಟ್ ತೆರೆದರೂ ಅದನ್ನು ಮುಚ್ಚುವ ಅಧಿಕಾರ ಯಾರದು ಎಂಬುದು ಇತ್ಯರ್ಥವಾಗದೆ ಟಿಕೆಟುಗಳು ರಾಶಿ ಬಿದ್ದವು.

ಈ ಕೊರತೆ ತಯಾರಕರಿಗೂ ತಿಳಿದಿತ್ತು. ಎಂಜಿನಿಯರಲ್ಲದವರಿಗೆಂದು ಅಟ್ಲಾಸಿಯನ್ 2015ರಲ್ಲಿ ಜಿರಾ ಕೋರ್ ತಂದಿತು, 2021ರಲ್ಲಿ ಅದನ್ನು ಜಿರಾ ವರ್ಕ್ ಮ್ಯಾನೇಜ್‌ಮೆಂಟ್ ಎಂದು ಹೊಸದಾಗಿ ಕೊಟ್ಟಿತು, 2024ರಲ್ಲಿ ಎಲ್ಲವನ್ನೂ ಮತ್ತೆ ಒಂದೇ ಜಿರಾದಲ್ಲಿ ಸೇರಿಸಿತು. ಇದರ ನಡುವೆ, ಕಂಪನಿಯ ಸ್ವಂತ ಸರ್ವರಿನಲ್ಲಿ ನಡೆಯುತ್ತಿದ್ದ ಸರ್ವರ್ ಆವೃತ್ತಿಗೆ ಬೆಂಬಲವನ್ನು 2024ರ ಫೆಬ್ರುವರಿ 15ರಂದು ನಿಲ್ಲಿಸಿತು. ಮಾರ್ಕೆಟಿಂಗ್ ತಂಡ ಏನನ್ನು ಬಯಸಿತ್ತೋ ಅದಕ್ಕೂ ಈ ಬದಲಾವಣೆಗಳಿಗೂ ಸಂಬಂಧವಿರಲಿಲ್ಲ. ಆದರೂ ಪ್ರತಿ ಸಲ ಹೊಸದಾಗಿ ಕಲಿಯುವ ಶ್ರಮ ಅವರದಾಯಿತು. ಇನ್ನೊಂದು ವಿಭಾಗಕ್ಕೆಂದು ಕೊಂಡ ಸಾಫ್ಟ್‌ವೇರನ್ನು ಪಕ್ಕದವರಿಗೆ ಹಂಚುವುದು ಉಳಿತಾಯವಾಗಿ ಕಾಣುತ್ತದೆ. ಅದಕ್ಕೆ ತೆರುವ ಬೆಲೆ ಪಕ್ಕದವರ ಸಮಯ.

ವೈಟ್‌ಫೀಲ್ಡ್: ಆಯ್ಕೆ ಇಲ್ಲಿಯದಲ್ಲ, ಕೆಲಸ ಇಲ್ಲಿಯದು

1990ರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂದ ಮೇಲೆ ವೈಟ್‌ಫೀಲ್ಡಿನ ಮುಖಚಹರೆ ಬದಲಾಯಿತು. ಇಂದು ಇಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳು ಸಾಲುಗಟ್ಟಿವೆ. 2024ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಇಂಥ ಕೇಂದ್ರಗಳಿಗೆಂದೇ ಪ್ರತ್ಯೇಕ ನೀತಿ ತಂದು, 2029ರೊಳಗೆ ರಾಜ್ಯದಲ್ಲಿ ಇನ್ನೂ 500 ಕೇಂದ್ರ ಸ್ಥಾಪನೆಯ ಗುರಿ ಇಟ್ಟುಕೊಂಡಿದೆ. ಇಮೇಲ್ ಪ್ರಚಾರ, ವೆಬ್‌ಸೈಟ್ ನಿರ್ವಹಣೆ, ಡಿಸೈನ್, ಅಂಕಿಅಂಶ ವಿಶ್ಲೇಷಣೆಯಂಥ ಮಾರ್ಕೆಟಿಂಗ್ ಕೆಲಸಗಳೂ ಈ ಕೇಂದ್ರಗಳಿಗೆ ಬರುತ್ತವೆ.

ಇಲ್ಲಿಯ ತಂಡಗಳಿಗೆ ಸಾಫ್ಟ್‌ವೇರ್ ಆರಿಸುವ ಸ್ವಾತಂತ್ರ್ಯ ಕಡಿಮೆ. ಪ್ರಧಾನ ಕಚೇರಿ ಏನು ಬಳಸುತ್ತದೋ ಇವರೂ ಅದನ್ನೇ ಬಳಸಬೇಕು. ಇದನ್ನು ಬಂಧನವೆಂದು ದೂರುವವರಿದ್ದಾರೆ. ಆದರೂ ಮೂರು ವಲಯಗಳಲ್ಲಿ ಸಾಫ್ಟ್‌ವೇರ್ ಹೆಚ್ಚು ಸಾರ್ಥಕವಾಗಿ ಬಳಕೆಯಾದದ್ದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಕಾರಣ, ಓಕೆ ಹೇಳುವವರು ಸಾಫ್ಟ್‌ವೇರಿನ ಒಳಗೇ ಇದ್ದಾರೆ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಪಕ್ಕದ ಟೇಬಲ್ಲಿಗೆ ಹೋಗಿ ಕೇಳುವ ಅವಕಾಶ ಇಬ್ಬರಿಗೂ ಇಲ್ಲ. ಡಿಸೈನಿನ ಮೇಲೆಯೇ ತಿದ್ದುಪಡಿ ಗುರುತಿಸಿ, ಯಾವ ಆವೃತ್ತಿಗೆ ಒಪ್ಪಿಗೆ ಎಂದು ಬರೆದಿಟ್ಟು ಮಲಗದಿದ್ದರೆ ಒಂದು ಇಡೀ ದಿನ ಹಾಳು. ದೂರವೇ ಅವರಿಗೆ ಬರೆದು ಒಪ್ಪುವ ಅಭ್ಯಾಸ ಕಲಿಸಿತು. ಒಂದೇ ಕಟ್ಟಡದಲ್ಲಿ ಕೂತವರು ಈ ಅಭ್ಯಾಸವನ್ನು ತಾವಾಗಿ ಕಲಿಯಬೇಕಾಗಿದೆ.

2020 ಮತ್ತು ಅದರ ನಂತರ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಶುರುವಾದಾಗ ಕಚೇರಿಯ ಗೋಡೆಯ ಬಿಳಿಹಲಗೆಗಳೆಲ್ಲ ಬೀಗ ಹಾಕಿದ ಬಾಗಿಲ ಹಿಂದೆ ಉಳಿದವು. ಅದುವರೆಗೆ ನಾಳೆ ನೋಡೋಣ ಎನ್ನುತ್ತಿದ್ದವರೂ ವಾರದೊಳಗೆ ಒಂದಲ್ಲ ಒಂದು ಸಾಫ್ಟ್‌ವೇರಿಗೆ ಸೇರಿದರು. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ತಂದೆ ತಾಯಿಯ ಬಳಿ ಕೂತ ಡಿಸೈನರ್, ಬೆಂಗಳೂರಿನಲ್ಲಿದ್ದ ಬರಹಗಾರ್ತಿ, ಇನ್ನೆಲ್ಲೋ ಇದ್ದ ಮ್ಯಾನೇಜರ್ ಒಂದೇ ಬೋರ್ಡು ನೋಡಿ ಕೆಲಸ ನಡೆಸಿದರು. ಎಷ್ಟೋ ಮನೆಗಳ ಸಂಬಳ ನಿಲ್ಲದಂತೆ ಕಾದದ್ದರಲ್ಲಿ ಈ ಬೋರ್ಡುಗಳ ಪಾಲೂ ಇದೆ. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಗಳು ಮುಳುಗಿದಾಗಲೂ ಕಂಪನಿಗಳು ಮನೆಯಿಂದಲೇ ಕೆಲಸ ಎಂದು ಆ ದಿನಗಳನ್ನು ದಾಟಿದ್ದು ಈ ರೂಢಿಯ ಬಲದಿಂದ.

ಅವಸರದಲ್ಲಿ ಕೊಂಡದ್ದರ ದುಷ್ಪರಿಣಾಮವೂ ಉಳಿದುಕೊಂಡಿತು. ಡಿಸೈನ್‌ನವರದು ಒಂದು, ಸೋಷಿಯಲ್ ಮೀಡಿಯಾದವರದು ಇನ್ನೊಂದು, ಈವೆಂಟಿನವರದು ಮತ್ತೊಂದು. ಕಚೇರಿಗೆ ಮರಳಿದ ಮೇಲೆ ಹಳೆಯ ಮೀಟಿಂಗುಗಳೂ ಮರಳಿದವು. ಈಗ ಒಬ್ಬ ಎಕ್ಸಿಕ್ಯುಟಿವ್ ಅದೇ ಪ್ರಗತಿಯನ್ನು ಬೆಳಿಗ್ಗೆ ಮೀಟಿಂಗಿನಲ್ಲಿ ಹೇಳಬೇಕು, ಮಧ್ಯಾಹ್ನ ಬೋರ್ಡಿನಲ್ಲಿ ತುಂಬಬೇಕು, ಸಂಜೆ ವಾಟ್ಸ್‌ಆ್ಯಪಿನಲ್ಲಿ ಬರೆಯಬೇಕು. ಒಂದೇ ವರದಿಯನ್ನು ಮೂರು ಸಲ ಕೇಳುವುದು ಅನ್ಯಾಯ. ಹೊಸದನ್ನು ತಂದ ದಿನವೇ ಹಳೆಯದನ್ನು ನಿಲ್ಲಿಸದ ಮುಖ್ಯಸ್ಥರು ಇದರ ಹೊಣೆ ಹೊರಬೇಕು.

ಹಣದ ಮಾತು

ಡಾಲರಿನಲ್ಲಿ ಕೊಳ್ಳುವುದರ ಭಾರವನ್ನು ಆರಿಸುವಾಗ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ತಲೆಗೆ ತಿಂಗಳಿಗೆ 10 ಡಾಲರಿನಂತೆ 10 ಜನರಿಗೆ ವರ್ಷಕ್ಕೆ 1,200 ಡಾಲರ್ ಎಂದಿಟ್ಟುಕೊಳ್ಳಿ. 2011ರ ಮಧ್ಯಭಾಗದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇದ್ದಾಗ ಅದು 54,000 ರೂಪಾಯಿ. 2025ರ ಆರಂಭದಲ್ಲಿ ಡಾಲರ್ 86ರ ಆಸುಪಾಸಿಗೆ ಬಂದಾಗ 1,03,200 ರೂಪಾಯಿ. ವಿದೇಶದಿಂದ ಬಂದ ಬಿಲ್ಲಾದರೆ ರಿವರ್ಸ್ ಚಾರ್ಜ್ ಪ್ರಕಾರ ಶೇ 18ರ ಜಿಎಸ್‌ಟಿಯನ್ನು ಕೊಂಡವರೇ ಕಟ್ಟಬೇಕು. ಅದು ಇನ್‌ಪುಟ್ ಕ್ರೆಡಿಟ್ಟಾಗಿ ಹೊಂದಾಣಿಕೆಯಾದರೂ ಸಣ್ಣ ಕಾರ್ಖಾನೆಯ ಕೈಹಣ ಅಷ್ಟು ಕಾಲ ಕಟ್ಟಿಹಾಕಿದಂತೆಯೇ.

2021ರ ಅಕ್ಟೋಬರ್ 1ರಿಂದ ಕಾರ್ಡಿನ ಸ್ವಯಂಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. 5,000 ರೂಪಾಯಿ ಮೀರಿದ ಪ್ರತಿ ಪಾವತಿಗೂ ಹೆಚ್ಚುವರಿ ದೃಢೀಕರಣ ಕಡ್ಡಾಯವಾಯಿತು. 2022ರ ಜೂನಿನಲ್ಲಿ ಈ ಮಿತಿ 15,000ಕ್ಕೆ ಏರಿತು. ಗ್ರಾಹಕರ ರಕ್ಷಣೆಗೆ ಇದು ಅಗತ್ಯವಾಗಿತ್ತು. ಆದರೆ ಮಾಲೀಕರ ಕಾರ್ಡಿನಲ್ಲಿ ವಿದೇಶಿ ಚಂದಾ ಕಟ್ಟುತ್ತಿದ್ದ ಸಣ್ಣ ತಂಡಗಳ ಖಾತೆಗಳು ಒಮ್ಮೆಲೇ ಪಾವತಿ ಬಾಕಿ ಎಂದು ತೋರಿಸತೊಡಗಿದವು. ರೂಪಾಯಿಯಲ್ಲಿ ಬಿಲ್ಲು ಕೊಡುವ ಜೋಹೋದಂಥ ದೇಶೀಯ ಕಂಪನಿಗಳ ಬೆಲೆ ಎಷ್ಟೋ ಜನರಿಗೆ ಆಗ ಅರ್ಥವಾಯಿತು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಾವು ಜೋಹೋಗೆ ಬದಲಾಗುತ್ತಿರುವುದಾಗಿ ಪ್ರಕಟಿಸಿದ ಮೇಲೆ ಸ್ವದೇಶಿ ಸಾಫ್ಟ್‌ವೇರಿನ ಚರ್ಚೆ ಇನ್ನಷ್ಟು ಕಾವೇರಿತು. ಸ್ವದೇಶಿ ಎಂಬ ಅಭಿಮಾನ ಒಳ್ಳೆಯದೇ. ಅದರ ಜೊತೆಗೆ ನಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆಯೂ ನಡೆಯಲಿ.

ಉಚಿತವೆಂದು ನಂಬಿದವರಿಗೂ ಪಾಠವಾಗಿದೆ. 2024ರಲ್ಲಿ ಟ್ರೆಲ್ಲೊ ತನ್ನ ಉಚಿತ ಬಳಕೆಯನ್ನು ತಂಡವೊಂದಕ್ಕೆ 10 ಜನರಿಗೆ ಸೀಮಿತಗೊಳಿಸಿತು. ತಂಡದ ಆರು ಜನ, ಏಜೆನ್ಸಿಯ ಮೂವರು, ಮುದ್ರಕರು, ಸ್ಟಾಲ್ ಕಟ್ಟುವವರು ಎಂದು ಎಣಿಸಿದರೆ ಹತ್ತು ದಾಟಿಯೇ ಹೋಗುತ್ತದೆ. ಮಂಡೇಯಂಥವುಗಳಲ್ಲಿ ಸೀಟುಗಳು ಗುಂಪಿನಲ್ಲಿ ಮಾರಾಟ, ಒಬ್ಬರು ಹೆಚ್ಚಾದರೂ ಮುಂದಿನ ಗುಂಪಿನ ದರ. ಹೊರಗಿನವರನ್ನು ಸೇರಿಸಿಕೊಂಡು ಲೆಕ್ಕ ಹಾಕದ ಬಜೆಟ್ ಮಾರ್ಕೆಟಿಂಗ್ ತಂಡದ ಬಜೆಟ್ ಆಗುವುದಿಲ್ಲ, ಏಕೆಂದರೆ ಈ ವಿಭಾಗದ ಅರ್ಧ ಕೆಲಸ ನಡೆಯುವುದೇ ಹೊರಗಿನವರ ಕೈಯಲ್ಲಿ.

ದತ್ತಾಂಶದ ಮಾತೂ ಇದರೊಳಗೇ ಬರುತ್ತದೆ. 2022ರ ಏಪ್ರಿಲಿನಲ್ಲಿ ಅಟ್ಲಾಸಿಯನ್‌ನ ಒಂದು ಎಡವಟ್ಟಿನಿಂದ ಸುಮಾರು 775 ಗ್ರಾಹಕ ಸಂಸ್ಥೆಗಳಿಗೆ ತಮ್ಮ ಖಾತೆಯೇ ತೆರೆಯದಾಯಿತು. ಕೆಲವರಿಗೆ ಅದು ಮರಳಿ ಸಿಕ್ಕಲು ಎರಡು ವಾರ ಹಿಡಿಯಿತು. ಮೇಳದ ಹಿಂದಿನ ವಾರ ಹಾಗಾದರೆ ಸ್ಟಾಲಿನ ಗತಿಯೇನು? ಸ್ಟಾಲಿಗೆ ಬಂದವರ ವಿಸಿಟಿಂಗ್ ಕಾರ್ಡಿನ ಫೋಟೊ, ಫೋನ್ ನಂಬರುಗಳನ್ನು ಬೋರ್ಡಿಗೆ ಏರಿಸುವ ರೂಢಿಯೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದ ಮೇಲೆ ಇದು ಬರೀ ರೂಢಿಯ ವಿಷಯವಾಗಿ ಉಳಿದಿಲ್ಲ. ಯಾರ ಮಾಹಿತಿ ಎಲ್ಲಿದೆ, ಯಾರು ನೋಡಬಲ್ಲರು ಎಂದು ಉತ್ತರಿಸುವ ಹೊಣೆ ಸಂಗ್ರಹಿಸಿದವರ ಮೇಲಿದೆ.

ಕನ್ನಡದ ಕೆಲಸಕ್ಕೆ ಜಾಗವೆಲ್ಲಿ?

ಈ ಸಾಫ್ಟ್‌ವೇರುಗಳ ಹೋಲಿಕೆ ಪಟ್ಟಿಗಳಲ್ಲಿ ಎಲ್ಲಿಯೂ ಕಾಣದ ಒಂದು ವಿಷಯ ನಮಗೆ ಬಹಳ ಮುಖ್ಯ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಕಡ್ಡಾಯ ಮಾಡಿದೆ. ರಾಜ್ಯೋತ್ಸವ, ಆಯುಧಪೂಜೆ, ದೀಪಾವಳಿಗೆ ಕನ್ನಡದ ಶುಭಾಶಯ ಹಾಕದ ಕಂಪನಿಯಿಲ್ಲ. ಆದರೂ ಹೆಚ್ಚಿನ ತಂಡಗಳ ಬೋರ್ಡಿನಲ್ಲಿ ಕನ್ನಡ ಎನ್ನುವುದು ಕೊನೆಯ ಗಳಿಗೆಯ ಕೆಲಸ. ಇಂಗ್ಲಿಷಿನ ಪಠ್ಯಕ್ಕೆ ಮೂರು ಸುತ್ತಿನ ಪರಿಶೀಲನೆ, ಕನ್ನಡಕ್ಕೆ ‘ಯಾರಾದರೂ ಕನ್ನಡದವರಿದ್ದರೆ ಒಮ್ಮೆ ನೋಡಿ’ ಎಂಬ ಒಂದು ಮೆಸೇಜು. ಒತ್ತಕ್ಷರ ಒಡೆದ, ದೀರ್ಘ ತಪ್ಪಿದ ಫಲಕಗಳು ರಸ್ತೆಯಲ್ಲಿ ನಿಲ್ಲುವುದು ಹೀಗೆ.

ಇದಕ್ಕೊಂದು ತಾಂತ್ರಿಕ ಕಾರಣವೂ ಇದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ‘ನುಡಿ’, ‘ಬರಹ’ ಎಂಬ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡುವವರಿದ್ದಾರೆ. ಆ ಪಠ್ಯವನ್ನು ತಂದು ಬೋರ್ಡಿನ ಕಾಮೆಂಟಿಗೆ ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಸರಿಪಡಿಸಲು ಹೋಗುವ ಬದಲು ಫೋಟೊ ತೆಗೆದು ವಾಟ್ಸ್‌ಆ್ಯಪಿಗೆ ಹಾಕುತ್ತಾರೆ. ಕನ್ನಡದ ಪ್ರೂಫು ಹೀಗೆ ಸಾಫ್ಟ್‌ವೇರಿನಿಂದ ಹೊರಗೆ ಬೀಳುತ್ತದೆ, ಹೊರಗೆ ಬಿದ್ದದ್ದಕ್ಕೆ ಯಾರೂ ಹೊಣೆಯಿಲ್ಲ. ಪಠ್ಯ ಯೂನಿಕೋಡಿನಲ್ಲೇ ಬರಬೇಕು ಎಂದು ಏಜೆನ್ಸಿಗೆ ಹೇಳುವುದು, ಕನ್ನಡಕ್ಕೆ ಪ್ರತ್ಯೇಕ ಕಾರ್ಡು ತೆರೆದು ಅದಕ್ಕೆ ಓಕೆ ಹೇಳುವ ಒಬ್ಬರನ್ನು ಹೆಸರಿಸುವುದು ಇಷ್ಟನ್ನು ಮಾಡಿದರೆ ಸಾಕು. ಈ ನೆಲದಲ್ಲಿ ವ್ಯಾಪಾರ ಮಾಡುವವರು ಈ ನೆಲದ ಭಾಷೆಗೆ ಕೊಡಬೇಕಾದ ಕನಿಷ್ಠ ಗೌರವ ಇದು.

ಮುಂದಿನ ಹೆಜ್ಜೆ

2023ರಿಂದ ಈಚೆಗೆ ಪ್ರತಿ ಸಾಫ್ಟ್‌ವೇರೂ ಕೃತಕ ಬುದ್ಧಿಮತ್ತೆಯನ್ನು ಸೇರಿಸಿಕೊಂಡು ಬರುತ್ತಿದೆ. ಮೀಟಿಂಗಿನ ಸಾರಾಂಶ, ಕೆಲಸದ ಪಟ್ಟಿ, ಮೊದಲ ಕರಡು ಎಲ್ಲ ನಿಮಿಷಗಳಲ್ಲಿ ಸಿದ್ಧ. ಇದರಿಂದ ನಿಜಕ್ಕೂ ಶ್ರಮ ಉಳಿಯುತ್ತದೆ. ಆದರೆ ಒಂದು ಕರಡಿದ್ದ ಕಡೆ ಐದು ಕರಡು ಬರುತ್ತಿರುವಾಗ ಅವನ್ನು ಓದಿ ಒಪ್ಪುವವರು ಮೊದಲಿನಷ್ಟೇ ಇದ್ದಾರೆ. ಒಪ್ಪಿಗೆಯ ಹಾದಿ ಸರಿಯಿಲ್ಲದ ತಂಡದಲ್ಲಿ ಇಕ್ಕಟ್ಟು ಇನ್ನೂ ಹೆಚ್ಚುತ್ತದೆ.

ಹೊಸದಾಗಿ ಸಾಫ್ಟ್‌ವೇರ್ ಆರಿಸಹೊರಟವರಿಗೆ ನಮ್ಮ ಸಲಹೆ ಇಷ್ಟು. ಮೊದಲು ಒಂದು ಹಾಳೆ ತೆಗೆದುಕೊಂಡು ತಂಡದ ಮುಖ್ಯ ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ಓಕೆ ಹೇಳುವ ಒಬ್ಬರ ಹೆಸರು ಬರೆಯಿರಿ. ಇಬ್ಬರ ಹೆಸರು ಬಂದರೆ ಯಾರ ಮಾತು ಕೊನೆಯದು ಎಂದು ಅಲ್ಲೇ ತೀರ್ಮಾನಿಸಿ. ಆಮೇಲೆ ಎರಡೇ ಸಾಫ್ಟ್‌ವೇರ್ ಆರಿಸಿಕೊಂಡು, ಡೆಮೊದ ಮಾದರಿ ಕೆಲಸವನ್ನು ಬಿಟ್ಟು ನಿಮ್ಮದೇ ಒಂದು ನಿಜವಾದ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಅದರಲ್ಲಿ ನಡೆಸಿ. ಮುದ್ರಕರೂ ಏಜೆನ್ಸಿಯವರೂ ಮಾಲೀಕರೂ ಅದರೊಳಗೆ ಬರಲಿ. ಒಂದು ಕನ್ನಡ ಪ್ಯಾರಾ ಅಂಟಿಸಿ ನೋಡಿ. ಎಲ್ಲ ದತ್ತಾಂಶವನ್ನೂ ಹೊರತೆಗೆದು ಎಕ್ಸೆಲ್ಲಿನಲ್ಲಿ ತೆರೆಯುತ್ತದೆಯೇ ನೋಡಿ. ಹೊರಗಿನವರ ಸೀಟು, ಡಾಲರಿನ ಏರಿಕೆ, ತೆರಿಗೆ ಸೇರಿಸಿ ಎರಡು ವರ್ಷದ ಖರ್ಚನ್ನು ರೂಪಾಯಿಯಲ್ಲಿ ಬರೆಯಿರಿ. ಇಷ್ಟೆಲ್ಲ ದಾಟಿ ಬಂದದ್ದನ್ನು ಕೊಳ್ಳಿ, ಕೊಂಡ ದಿನವೇ ಹಳೆಯದನ್ನು ಮುಚ್ಚಿ. ಯಾವುದೂ ದಾಟದಿದ್ದರೆ ಒಂದು ಹಂಚಿಕೊಂಡ ಶೀಟಿನಲ್ಲಿಯೇ ಮುಂದುವರಿಯಿರಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಕೊನೆಯ ಮಾತು ಮಾಲೀಕರಿಗೆ ಮತ್ತು ವಿಭಾಗದ ಮುಖ್ಯಸ್ಥರಿಗೆ. ತಂಡದ ಕಿರಿಯರು ಎಷ್ಟು ಹೊತ್ತಿಗೆ ಯಾವ ಕಾರ್ಡು ಮುಟ್ಟಿದರು ಎಂದು ಕಾವಲು ಕಾಯಲು ಈ ಸಾಫ್ಟ್‌ವೇರನ್ನು ಬಳಸಬೇಡಿ. ಹಾಗೆ ಬಳಸಿದ ದಿನವೇ ಅದರಲ್ಲಿ ನಿಜ ಬರೆಯುವುದು ನಿಲ್ಲುತ್ತದೆ. ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿರುವ ಕೆಲಸಗಳೆಷ್ಟು ಎಂದು ನೀವೇ ದಿನಕ್ಕೊಮ್ಮೆ ಅದನ್ನು ತೆರೆದು ನೋಡಿ, ಒಪ್ಪಿಗೆಯನ್ನೋ ತಿದ್ದುಪಡಿಯನ್ನೋ ಅಲ್ಲಿಯೇ ಬರೆಯಿರಿ. ಅಷ್ಟನ್ನು ಮಾಡಲು ನೀವು ಸಿದ್ಧರಿದ್ದರೆ ಸಾಫ್ಟ್‌ವೇರ್ ಕೊಳ್ಳಿ. ಇಲ್ಲವಾದರೆ ಆ ಹಣವನ್ನು ತಂಡಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಬಳಸುವುದು ಲೇಸು.